ಪ್ರಿಪ್ಯಾತ್ ದಂಡೆಯ ಟೀಚರ್

ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಊರಿನ ಹೆಸರನ್ನೂ ಬರೆಯುವುದಿಲ್ಲ. ಬೆಲಾರೂಸ್ ದೇಶದ ದಕ್ಷಿಣದಲ್ಲಿ, ಪ್ರಿಪ್ಯಾತ್ ಎಂಬ ನದಿಯ ದಂಡೆಯಲ್ಲಿ ಅಂಥ ಸಣ್ಣ ಊರುಗಳು ಹಲವಿವೆ. ಅವುಗಳಲ್ಲಿ ಒಂದು ಎಂದುಕೊಂಡರೆ ಸಾಕು. ಹೆಸರು ಹೇಳಿದರೆ ಅವರಿಗೆ ತೊಂದರೆಯಾದೀತೆಂಬ ಹೆದರಿಕೆ ನನಗಿದೆ, ಯಾಕೆಂದು ಮುಂದೆ ಹೇಳುತ್ತೇನೆ. ದುಬೈಯ ಜೆಬೆಲ್ ಅಲಿ ಬಂದರಿನ ನಮ್ಮ ಆಫೀಸಿನಲ್ಲಿ ಎಲ್ಲರೂ ಅವರನ್ನು ಟೀಚರ್ ಎಂದೇ ಕರೆಯುತ್ತಿದ್ದರು. ನಾವು ಒಳ್ಳೆಯದಾಗಲಿ ಎಂದು ಮಾಡಿದ ಒಂದು ಕೆಲಸದಿಂದ ಅವರು ಇಲ್ಲಿಂದ ಹೋದರು, ಮತ್ತೆ ಬರಲಿಲ್ಲ. ಅದನ್ನು ಯಾರಿಗಾದರೂ ಹೇಳದೆ ನನಗೆ ಸಮಾಧಾನವಿಲ್ಲ.

ನಮ್ಮದು ಸರಕು ಸಾಗಣೆಯ ಕಂಪನಿ. ಕಂಟೇನರುಗಳು ಬಂದಿಳಿದು ಬೇರೆ ದೇಶಗಳಿಗೆ ಹೋಗುವಾಗ ಬೇಕಾಗುವ ಕಾಗದಪತ್ರ ನೋಡಿಕೊಳ್ಳುವುದು ನನ್ನ ವಿಭಾಗದ ಕೆಲಸ. ರಷ್ಯನ್ ಭಾಷೆಯ ಕಾಗದ ಓದಲು ಒಬ್ಬರು ಬೇಕಾಗಿತ್ತು. ಟೀಚರ ಹಳೆಯ ವಿದ್ಯಾರ್ಥಿಯೊಬ್ಬ ದುಬೈಯಲ್ಲಿದ್ದ, ಅವನ ಕಡೆಯಿಂದ ಬಂದರು. ಐವತ್ತು ದಾಟಿದ ಎತ್ತರದ ಹೆಂಗಸು. ನರೆತ ಕೂದಲನ್ನು ಕಿವಿಯವರೆಗೆ ಕತ್ತರಿಸಿಕೊಂಡಿದ್ದರು. ಇಪ್ಪತ್ತಾರು ವರ್ಷ ತಮ್ಮೂರಿನ ಶಾಲೆಯಲ್ಲಿ ಚರಿತ್ರೆ ಮತ್ತು ಭೂಗೋಳ ಕಲಿಸಿದವರು ಈ ವಯಸ್ಸಿನಲ್ಲಿ ಗುಮಾಸ್ತೆಯ ಕೆಲಸಕ್ಕೆ ಯಾಕೆ ಬಂದರು ಎಂದು ನಾವು ಕೇಳಲಿಲ್ಲ. ಗಲ್ಫಿನಲ್ಲಿ ಆ ಪ್ರಶ್ನೆಯನ್ನು ಯಾರೂ ಯಾರಿಗೂ ಕೇಳುವುದಿಲ್ಲ. ಎಲ್ಲರೂ ದುಡಿಯಲು ಬಂದವರೇ ಎಂದು ಮೊದಲೇ ತೀರ್ಮಾನ ಮಾಡಿಕೊಂಡಿರುತ್ತೇವೆ.

ಅವರು ಮಾತ್ರ ಮೊದಲ ದಿನವೇ ಎಲ್ಲರಿಗೂ ಒಂದು ಪ್ರಶ್ನೆ ಕೇಳಿದರು. ಹೆಸರು, ಧರ್ಮ, ದೇಶ ಯಾವುದೂ ಅಲ್ಲ.

“ನಿಮ್ಮ ಊರಿನ ನದಿ ಯಾವುದು? ನಿಮ್ಮ ಮನೆ ಎಡದಂಡೆಯಲ್ಲೋ, ಬಲದಂಡೆಯಲ್ಲೋ?”

ಅವರು ಆಡುತ್ತಿದ್ದದ್ದು ನಿಧಾನದ ಇಂಗ್ಲಿಷು, ನಾನು ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ. ನನ್ನೂರು ಉಡುಪಿಯ ಹತ್ತಿರದ ಕಲ್ಯಾಣಪುರ. ಸ್ವರ್ಣಾ ನದಿ ಎಂದೆ. ದಂಡೆ ಯಾವುದೆಂದು ಹೊಳೆಯಲಿಲ್ಲ. “ಉಡುಪಿಯಿಂದ ಹೋದರೆ ಸೇತುವೆಗಿಂತ ಮೊದಲು” ಎಂದೆ.

“ಅದು ಬಸ್ಸಿನ ಲೆಕ್ಕ. ನದಿಯ ಲೆಕ್ಕ ಹೇಳಿ. ನೀರು ಹರಿಯುವ ಕಡೆಗೆ ಮುಖ ಮಾಡಿ ನಿಂತುಕೊಳ್ಳಿ.”

ನಾನು ಆಫೀಸಿನ ನಡುವೆ ಪ್ರಿಂಟರನ್ನೇ ಪಡುಗಡಲು ಎಂದುಕೊಂಡು ಎರಡೂ ಕೈ ಚಾಚಿ ನಿಂತೆ. ಎಡದಂಡೆ ಎಂದು ಗೊತ್ತಾಯಿತು. ಆ ನದಿ ಎಲ್ಲಿ ಹುಟ್ಟುತ್ತದೆ ಎಂದು ಕೇಳಿದರು. ಘಟ್ಟದಲ್ಲಿ ಎಂದೆ. ಘಟ್ಟದಲ್ಲಿ ಎಲ್ಲಿ ಎಂದರು. ಗೊತ್ತಿಲ್ಲ ಎಂದೆ. “ಹುಟ್ಟಿದಾಗಿನಿಂದ ಕುಡಿದ ನೀರು ಎಲ್ಲಿಂದ ಬಂತೆಂದು ಗೊತ್ತಿಲ್ಲವೇ?” ಎಂದು ಕೇಳಿದಾಗ ಅವರ ಮುಖದಲ್ಲಿ ನಿಜವಾದ ಬೇಸರವಿತ್ತು. ನನಗೆ ಸಿಟ್ಟು ಬಂತು, ಆದರೂ ಮನೆಗೆ ಬಂದು ಊರಿಗೆ ಫೋನ್ ಮಾಡಿ ಅಕ್ಕನನ್ನು ಕೇಳಿದೆ. “ನಿಂಗೆ ಅಲ್ಲಿ ಬೇರೆ ಕೆಲ್ಸ ಇಲ್ವಾ ಮಾರಾಯ?” ಎಂದಳು ಅಕ್ಕ. ಕಾರ್ಕಳದ ಆಚೆ, ಮಾಳದ ಕಡೆಯ ಘಟ್ಟದಲ್ಲಿ ಎಂದು ಕೊನೆಗೆ ಭಾವ ಹೇಳಿದರು. ಮರುದಿನ ಅದನ್ನು ಒಪ್ಪಿಸಿದ ಮೇಲೆಯೇ ಟೀಚರು ನನ್ನೊಡನೆ ಸರಿಯಾಗಿ ಮಾತಾಡಿದ್ದು.

ಈ ಪರೀಕ್ಷೆಯಲ್ಲಿ ಮೊದಲ ಸಲಕ್ಕೇ ಪಾಸಾದವರು ಹಮೀದಾಕ ಒಬ್ಬರೇ. ಹಮೀದಾಕ ನಮ್ಮ ಕಂಪನಿಯ ಪಿಆರ್‌ಒ. ನೌಕರರ ವೀಸಾ, ಲೇಬರ್ ಕಾರ್ಡು, ಹೀಗೆ ಸರಕಾರಿ ಕಚೇರಿಯ ಕೆಲಸವೆಲ್ಲ ಅವರದು. ಊರು ಉಪ್ಪಿನಂಗಡಿ. ಕರಾವಳಿಯ ಬ್ಯಾರಿ ಮುಸ್ಲಿಮರು, ಹೆಸರಿನ ಕೊನೆಯ ‘ಆಕ’ ಎಂದರೆ ಅವರ ಮಾತಿನಲ್ಲಿ ಅಣ್ಣ, ನನಗಿಂತ ಹದಿನೈದು ವರ್ಷ ದೊಡ್ಡವರು, ಮೂವತ್ತು ವರ್ಷಗಳಿಂದ ಇಲ್ಲಿದ್ದಾರೆ.

“ನಮ್ದು ಒಂದಲ್ಲ ಟೀಚರೇ, ಎರಡು ನದಿ. ನೇತ್ರಾವತಿ, ಕುಮಾರಧಾರಾ. ಎರಡೂ ನಮ್ಮ ಪೇಟೆ ಹತ್ರವೇ ಸೇರುದು” ಎಂದು ಅವರು ಶುರುಮಾಡಿದರು. ಅರ್ಧ ಹಿಂದಿ, ಅರ್ಧ ಇಂಗ್ಲಿಷು, ತಡವರಿಸಿದಲ್ಲಿ ನನ್ನ ಕಡೆ ತಿರುಗಿ ಕನ್ನಡ. “ನಾನು ಸಣ್ಣದಿರುವಾಗ ನೆರೆ ಬಂದು ಅಂಗಡಿ ಒಳಗೆ ಸೊಂಟದವರೆಗೆ ನೀರು. ಅಕ್ಕಿ ಮೂಟೆ ಎಲ್ಲ ಅಟ್ಟಕ್ಕೆ ಹಾಕಿದ್ದು. ಹೇಳು ರಘು ಇವ್ರಿಗೆ, ಅಟ್ಟ ಅಂದ್ರೆ ಎಂತಂತ.”

ಟೀಚರು ಕುರ್ಚಿ ಎಳೆದುಕೊಂಡು ಅವರೆದುರು ಕೂತರು. ನೆರೆ ಬರುವ ಊರಿನವರು ಇಬ್ಬರೂ. ಆಮೇಲೆ ಅವರಿಬ್ಬರಿಗೆ ನನ್ನ ಅನುವಾದವೂ ಅಷ್ಟಾಗಿ ಬೇಕಾಗಲಿಲ್ಲ.

ಅವರ ಊರಿನ ಭೂಗೋಳವನ್ನು ನಾನು ಕಲಿತದ್ದು ಕಾರಿನಲ್ಲಿ. ನನ್ನ ಮನೆ ಅಲ್ ಬರ್ಷಾದಲ್ಲಿ, ಅವರ ಬಾಡಿಗೆ ಕೋಣೆಯೂ ಅಲ್ಲೇ ಎರಡು ಕಟ್ಟಡಗಳಾಚೆ. ಬೆಳಿಗ್ಗೆ ಒಟ್ಟಿಗೇ ಹೋಗುತ್ತಿದ್ದೆವು. ಶೇಖ್ ಜಾಯೆದ್ ರಸ್ತೆಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಾಗ ಅವರು ಕಾರಿನ ಕಿಟಕಿಯ ಗಾಜಿನ ಮೇಲೆ ಬೆರಳಿನಲ್ಲಿ ಗೆರೆ ಎಳೆದು ಪ್ರಿಪ್ಯಾತನ್ನು ತೋರಿಸುತ್ತಿದ್ದರು. ಅದು ಬಯಲುಸೀಮೆಯ ನದಿ. ಒಂದು ಕಿಲೋಮೀಟರಿಗೆ ಅಂಗೈಯಗಲ ಇಳಿಜಾರು ಮಾತ್ರ. ಹಾಗಾಗಿ ನೀರಿಗೆ ಯಾವ ಆತುರವೂ ಇಲ್ಲ, ಸುತ್ತ ಜೌಗು, ಹುಲ್ಲುಗಾವಲು, ನಡುನಡುವೆ ಓಕ್ ಮರಗಳು. ಚಳಿಗಾಲ ಮುಗಿದು ಹಿಮ ಕರಗಿದಾಗ ನದಿ ದಂಡೆ ದಾಟಿ ಕಣ್ಣು ಹರಿಯುವವರೆಗೂ ಹರಡುತ್ತದೆ. ಊರಿನಲ್ಲಿ ಮೂರೇ ಮೂರು ದಿಬ್ಬಗಳು. ಒಂದರ ಮೇಲೆ ಚರ್ಚು, ಒಂದರ ಮೇಲೆ ಶಾಲೆ, ಇನ್ನೊಂದರ ಮೇಲೆ ಸ್ಮಶಾನ. ನೆರೆಯ ವಾರಗಳಲ್ಲಿ ಮೂರೂ ದ್ವೀಪಗಳು. ಮಕ್ಕಳು ದೋಣಿಯಲ್ಲಿ ಶಾಲೆಗೆ ಬರುತ್ತಿದ್ದರಂತೆ, ತಡವಾದರೆ ಟೀಚರು ಬಯ್ಯುತ್ತಿರಲಿಲ್ಲವಂತೆ.

ಅವರ ತಾಯಿ ಆ ನದಿಯ ನೌಕರಿಯಲ್ಲಿದ್ದವರು. ದಂಡೆಯಲ್ಲಿ ನೆಟ್ಟ ಅಳತೆಯ ಕಂಬವನ್ನು ದಿನಾ ಬೆಳಿಗ್ಗೆ ನೋಡಿ ನೀರಿನ ಮಟ್ಟವನ್ನು ಪುಸ್ತಕದಲ್ಲಿ ಬರೆಯುವುದು ಅವರ ಸರಕಾರಿ ಕೆಲಸ. ನಿವೃತ್ತಿಯಾಗಿ ಎಷ್ಟೋ ವರ್ಷವಾದರೂ ಕೋಲೂರಿಕೊಂಡು ಹೋಗಿ ನೋಡಿ ಬರುತ್ತಿದ್ದರು. ಭಾನುವಾರ ಮಗಳು ಫೋನ್ ಮಾಡಿದರೆ ಮೊದಲು ನೀರು ಎಷ್ಟಿದೆ ಎಂದು ಹೇಳುವುದು, ಆಮೇಲೆ ಮೊಣಕಾಲು ನೋವಿನ ಸುದ್ದಿ. ಎಂಬತ್ತೊಂದು ವರ್ಷದ ಆ ಮುದುಕಿ ಒಬ್ಬರೇ ಇದ್ದರು, ಪಕ್ಕದ ಮನೆಯಾಕೆ ನೋಡಿಕೊಳ್ಳುತ್ತಿದ್ದಳು. ಟೀಚರಿಗೆ ಗಂಡ ಮಕ್ಕಳು ಇರಲಿಲ್ಲ. ಲೋಕದಲ್ಲಿ ತಮ್ಮವರು ಎಂದು ಇದ್ದದ್ದು ಆ ತಾಯಿ ಮಾತ್ರ.

ಚರಿತ್ರೆಯನ್ನು ಅವರು ಹೇಳುತ್ತಿದ್ದದ್ದು ನನ್ನ ಮಗಳಿಗೆ. ಮಗಳು ಆಗ ಒಂಬತ್ತನೇ ಕ್ಲಾಸು, ಸೋಶಿಯಲ್ ಸ್ಟಡೀಸ್ ಎಂದರೆ ಮೂಗು ಮುರಿಯುತ್ತಿದ್ದಳು. ಶನಿವಾರ ಸಂಜೆ ಟೀಚರು ನಮ್ಮ ಮನೆಗೆ ಬಂದು ಪಾಠ ಹೇಳುತ್ತಿದ್ದರು. ಪ್ರತಿಯಾಗಿ ನನ್ನ ಹೆಂಡತಿಯ ನೀರುದೋಸೆ. ಒಂದು ದಿನ ತಮ್ಮ ಅಜ್ಜಿಯ ಕಥೆ ಹೇಳಿದರು. ಆ ಅಜ್ಜಿ ಹುಟ್ಟಿದ ಮನೆಯಲ್ಲೇ ಸತ್ತವಳು, ಹತ್ತು ಹಳ್ಳಿಯಾಚೆ ಹೋದವಳಲ್ಲ. ಆದರೂ ಅವಳು ಹುಟ್ಟಿದ್ದು ರಷ್ಯದ ಚಕ್ರವರ್ತಿಯ ರಾಜ್ಯದಲ್ಲಿ, ಶಾಲೆಗೆ ಹೋದದ್ದು ಪೋಲೆಂಡಿನಲ್ಲಿ, ಗಂಡನನ್ನು ಕಳಕೊಂಡದ್ದು ಜರ್ಮನ್ನರ ಆಳ್ವಿಕೆಯಲ್ಲಿ, ಪಿಂಚಣಿ ತೆಗೆದುಕೊಂಡದ್ದು ಸೋವಿಯೆಟ್ ಸರಕಾರದಿಂದ.

“ಸೋ ವಿಚ್ ಕಂಟ್ರಿ ವಾಸ್ ಶೀ ಫ್ರಮ್?” ಎಂದು ಕೇಳಿದಳು ಮಗಳು.

“ಬಲದಂಡೆಯವಳು” ಎಂದರು ಟೀಚರು.

ಮಗಳು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಆ ವರ್ಷ ಅವಳಿಗೆ ಆ ವಿಷಯದಲ್ಲಿ ಒಳ್ಳೆಯ ಅಂಕ ಬಂತು.

ಇನ್ನೊಂದು ಕಥೆಯನ್ನು ಅವರು ಮಗಳಿಗೆ ಹೇಳಲಿಲ್ಲ, ಹಮೀದಾಕನಿಗೆ ಮತ್ತು ನನಗೆ ಊಟದ ಹೊತ್ತಿನಲ್ಲಿ ಹೇಳಿದರು. ಅವರೂರಿನ ಸಂತೆ ಚೌಕದ ಸುತ್ತ ಹಿಂದೆ ಯಹೂದಿಗಳ ಮನೆಗಳಿದ್ದವು. ಟೋಪಿ ಹೊಲಿಯುವವರು, ಬೂಟು ಹೊಲಿಯುವವರು, ಗಡಿಯಾರ ರಿಪೇರಿಯವರು. ಎರಡನೆಯ ಮಹಾಯುದ್ಧದಲ್ಲಿ ಊರು ಹಿಡಿದ ಜರ್ಮನ್ನರು ಮೊದಲ ಬೇಸಗೆಯಲ್ಲೇ ಗಂಡಸರನ್ನು ಊರ ಹೊರಗೆ ನಡೆಸಿಕೊಂಡು ಹೋಗಿ ಕೊಂದರು. ಮರುವರ್ಷ ಹೆಂಗಸರು, ಮಕ್ಕಳು. ಮರದ ಮನೆಗಳು ಸುಟ್ಟುಹೋದವು, ಬಾಗಿಲ ಮುಂದಿನ ಮೆಟ್ಟಿಲಗಲ್ಲುಗಳು ಉಳಿದವು. ಆ ಜೌಗು ಸೀಮೆಯಲ್ಲಿ ಕಲ್ಲು ಸಿಗುವುದೇ ಅಪರೂಪ. ಜನ ಅವನ್ನು ಎತ್ತಿಕೊಂಡು ಹೋಗಿ ತಂತಮ್ಮ ಮನೆಯ ಮುಂದೆ ಹಾಕಿಕೊಂಡರು. ಟೀಚರು ಪ್ರತಿ ವರ್ಷ ಮಕ್ಕಳನ್ನು ಮನೆಮನೆಗೆ ಕಳಿಸಿ, ಈ ಕಲ್ಲು ಯಾರ ಮನೆಯದಾಗಿತ್ತು ಎಂದು ಮುದುಕರನ್ನು ಕೇಳಿಸಿ ಒಂದು ಪಟ್ಟಿ ಮಾಡಿಸುತ್ತಿದ್ದರು. ಕೆಲವರು ಮಕ್ಕಳನ್ನು ಒಳಗೆ ಕರೆದು ಹಾಲು ಕೊಡುತ್ತಿದ್ದರು, ಕೆಲವರು ನಾಯಿ ಬಿಡುತ್ತಿದ್ದರು.

“ನಮ್ಮ ಮನೆಯ ಮುಂದೂ ಒಂದಿದೆ. ನನ್ನ ಅಮ್ಮ ಅದರ ಮೇಲೆ ಕಾಲಿಡುವುದಿಲ್ಲ, ದಾಟಿ ಹೋಗುತ್ತಾಳೆ. ಈಗ ಮೊಣಕಾಲು ನೋವು, ಆದರೂ ದಾಟುತ್ತಾಳೆ” ಎಂದರು.

ಹಮೀದಾಕ ಅನ್ನ ಕಲಸುವುದನ್ನು ನಿಲ್ಲಿಸಿ ಕೂತಿದ್ದರು. ಆವತ್ತು ಅವರು ಊಟ ಪೂರ್ತಿ ಮಾಡಲಿಲ್ಲ.

ಯಾವಾಗಲೂ ಹೀಗೇ ಗಂಭೀರ ಎಂದುಕೊಳ್ಳಬೇಡಿ. ಅವರ ಜೊತೆ ಸೂಪರ್‌ಮಾರ್ಕೆಟಿಗೆ ಹೋಗುವುದು ದೊಡ್ಡ ತಲೆನೋವಾಗಿತ್ತು. ಅಣಬೆಯ ಪೊಟ್ಟಣ ಕಂಡರೆ ಕನ್ನಡಕ ಏರಿಸಿ, ಎಲ್ಲಿ ಬೆಳೆದದ್ದು, ಯಾವ ಜಿಲ್ಲೆ ಎಂದು ಹುಡುಕುವವರು. ಚೆರ್ನೊಬಿಲ್ ದುರಂತವಾದಾಗ ಹೈಸ್ಕೂಲಿನಲ್ಲಿದ್ದರಂತೆ. ಆ ಬೇಸಗೆಯಿಂದ ಕಾಡಿನ ಅಣಬೆ, ಹಣ್ಣು ಮುಟ್ಟಬಾರದೆಂದು ಕಟ್ಟಪ್ಪಣೆಯಾಯಿತು. ಎಲ್ಲಿಯದೆಂದು ಗೊತ್ತಿಲ್ಲದ ಅಣಬೆಯನ್ನು ಅವರು ಆಮೇಲೆ ತಿಂದದ್ದಿಲ್ಲ. ಪೊಟ್ಟಣದ ಮೇಲೆ ಬರೀ ‘ಯುರೋಪ್’ ಎಂದಿದ್ದರೆ ಅಲ್ಲಿನ ಹುಡುಗಿಯನ್ನು ಕರೆದು ಪಾಠ ಶುರು. ನಾನು ಟ್ರಾಲಿ ತಳ್ಳಿಕೊಂಡು ಬೇಳೆಯ ಸಾಲಿನಲ್ಲಿ ತಲೆಮರೆಸಿಕೊಳ್ಳುತ್ತಿದ್ದೆ.

ಈ ದೇಶದಲ್ಲಿ ಒಂದೂ ನದಿ ಇಲ್ಲವೆಂಬುದು ಅವರಿಗೆ ದೊಡ್ಡ ಕೊರತೆ. ರಜೆಯ ದಿನ ಕ್ರೀಕಿನ ದಂಡೆಗೆ ಹೋಗಿ ಕೂರುತ್ತಿದ್ದರು, ಬಂದು ಅದನ್ನು ದೂರುತ್ತಿದ್ದರು. ಅದು ಸಮುದ್ರದ ತೋಳು, ಬೆಳಿಗ್ಗೆ ಒಳಗೆ ಬರುತ್ತದೆ, ಸಂಜೆ ಹೊರಗೆ ಹೋಗುತ್ತದೆ, ಅದಕ್ಕೆ ಎಡವೂ ಇಲ್ಲ, ಬಲವೂ ಇಲ್ಲ ಎಂದು. ಆ ಏಪ್ರಿಲಿನಲ್ಲಿ ದುಬೈಯ ರಸ್ತೆಗಳೆಲ್ಲ ಮುಳುಗುವಂಥ ಮಳೆ ಬಂತಲ್ಲ, ಆವತ್ತು ಮಾತ್ರ ಅವರ ದಿನ. ನಾವೆಲ್ಲ ಕಾರಿನೊಳಗೆ ಕೂತು ದೇವರನ್ನು ನೆನೆಯುತ್ತಿದ್ದರೆ ಅವರು ಪ್ಯಾಂಟು ಮೊಣಕಾಲಿಗೆ ಮಡಚಿ ಕೆಳಗಿಳಿದರು. ಒಂದು ಕಾಗದದ ಲೋಟವನ್ನು ನೀರಿಗೆ ಬಿಟ್ಟು, ಅದು ಹೋದ ಕಡೆ ನೋಡಿ, ನೆಲ ಎಲ್ಲಿ ಎತ್ತರವಿದೆ ಎಂದು ಹೇಳಿ ನಮ್ಮನ್ನು ನಡೆಸಿಕೊಂಡು ಹೋದರು. ಮನೆ ಮುಟ್ಟಿದ ಮೇಲೆ ನಮ್ಮ ಕಟ್ಟಡದ ಪಾರ್ಕಿಂಗಿನ ಕಂಬದ ಮೇಲೆ ನೀರು ಬಂದಷ್ಟು ಎತ್ತರಕ್ಕೆ ಪೆನ್ಸಿಲಿನಲ್ಲಿ ಗೆರೆ ಎಳೆದು ತಾರೀಖು ಬರೆದರು. ನಾನು ಅವರನ್ನು ಅಷ್ಟು ಖುಷಿಯಾಗಿ ನೋಡಿದ್ದು ಅದೊಂದು ದಿನವೇ.

ಈಗ ರಜೆಯ ವಿಷಯ. ಗಲ್ಫಿನವರ ಬದುಕು ನಿಂತಿರುವುದೇ ವರ್ಷದ ರಜೆಯ ಮೇಲೆ. ಟೀಚರು ನಾಲ್ಕು ವರ್ಷವಾದರೂ ಊರಿಗೆ ಹೋಗಲಿಲ್ಲ. ಕೇಳಿದರೆ “ಈ ವರ್ಷ ಬೇಡ” ಎನ್ನುತ್ತಿದ್ದರು. ನಾವು ತಮಾಷೆ ಮಾಡುತ್ತಿದ್ದೆವು. “ಟೀಚರು ರಜೆ ಎಲ್ಲ ಕೂಡಿಡ್ತಾ ಇದ್ದಾರೆ, ಒಟ್ಟಿಗೆ ಒಂದು ವರ್ಷ ಹೋಗ್ಲಿಕ್ಕುಂಟು” ಎಂದು ನಾನೇ ಹತ್ತು ಸಲ ಹೇಳಿದ್ದೇನೆ. ಅವರು ನಗುತ್ತಿದ್ದರು. ಆ ನಗುವನ್ನು ನೆನೆದರೆ ನನಗೆ ಈಗ ನಾಚಿಕೆಯಾಗುತ್ತದೆ.

ಒಂದು ಮಾರ್ಚ್ ತಿಂಗಳು, ರಂಜಾನಿನ ಉಪವಾಸದ ದಿನಗಳು. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಟೀಚರಿಗೆ ಪಕ್ಕದ ಮನೆಯಾಕೆಯ ಫೋನ್ ಬಂತು. ಮಾತು ಮುಗಿದ ಮೇಲೂ ಅವರು ಫೋನನ್ನು ಮಡಿಲಲ್ಲಿಟ್ಟುಕೊಂಡು ಕೂತೇ ಇದ್ದರು. ಏನಾಯಿತೆಂದು ಕೇಳಿದೆ.

“ಅಮ್ಮ ಬಿದ್ದಿದ್ದಾಳೆ. ಬಲಗೈ ಏಳುತ್ತಿಲ್ಲ, ಮಾತು ತೊದಲುತ್ತಿದೆ” ಎಂದರು.

ನನ್ನ ಅಪ್ಪ ತೀರಿಕೊಂಡಾಗ ನನ್ನ ಪಾಸ್‌ಪೋರ್ಟು ವೀಸಾ ನವೀಕರಣಕ್ಕೆಂದು ಕಚೇರಿಯೊಂದರಲ್ಲಿ ಸಿಕ್ಕಿಕೊಂಡಿತ್ತು. ಅದು ಕೈಗೆ ಬಂದು ನಾನು ಊರು ಮುಟ್ಟುವಾಗ ನಾಲ್ಕನೆಯ ದಿನ. ಅಣ್ಣ ನನ್ನ ಕೈಗೆ ಕೊಟ್ಟದ್ದು ಬೂದಿ. ಆಮೇಲೆ ನಾನು ಒಂದು ಹಟ ಹಿಡಿದೆ: ನಮ್ಮ ಆಫೀಸಿನ ಯಾರೂ ಕಾಗದದ ಕಾರಣಕ್ಕೆ ತಡವಾಗಬಾರದು. ಹಮೀದಾಕ ನನ್ನ ಹಟಕ್ಕೆ ಕೈಜೋಡಿಸಿದರು. ಯಾರ ಮನೆಯಿಂದಾದರೂ ಅಂಥ ಫೋನ್ ಬಂದರೆ ಅವರನ್ನು ಅಳಲು ಬಿಟ್ಟು ನಾವಿಬ್ಬರು ಓಡಾಡುತ್ತಿದ್ದೆವು. ರಜೆಯ ಅರ್ಜಿಯನ್ನು ನಾವೇ ಬರೆಯುವುದು, ಮ್ಯಾನೇಜರ ಸಹಿಯನ್ನು ನಾವೇ ಹಾಕಿಸುವುದು, ಟಿಕೆಟ್ ನಾವೇ ತೆಗೆಯುವುದು. ದುಃಖದಲ್ಲಿರುವವರನ್ನು ಏನನ್ನೂ ಕೇಳಬಾರದು ಎಂಬುದು ನಮ್ಮ ಪದ್ಧತಿ. ಹೀಗೆ ಎಷ್ಟೋ ಜನರನ್ನು ಅದೇ ದಿನ ವಿಮಾನ ಹತ್ತಿಸಿದ್ದೆವು, ಅದರಲ್ಲಿ ನಮಗೆ ಸ್ವಲ್ಪ ಜಂಬವೂ ಇತ್ತು.

ಆವತ್ತೂ ಹಾಗೇ ಮಾಡಿದೆವು. ಟೀಚರನ್ನು ಕೇಳಿ ನೋಡೋಣವೇ ಎಂದು ಒಂದು ಸಲ ನನ್ನ ಬಾಯಿಗೆ ಬಂತು.

“ತಾಯಿ ವಿಷ್ಯದಲ್ಲಿ ಕೇಳ್ಲಿಕ್ಕೆ ಎಂತ ಉಂಟು ರಘು?” ಎಂದರು ಹಮೀದಾಕ. “ನೀನು ರಜೆ ನೋಡು. ಟಿಕೆಟ್ ನಾನು ನೋಡ್ತೇನೆ. ಯಲ್ಲಾ, ಬೇಗ.”

ಮೂರು ಗಂಟೆಗೆ ಎಲ್ಲ ತಯಾರು. ಮರುದಿನ ಮಧ್ಯಾಹ್ನಕ್ಕೆ ಬೆಲಾರೂಸಿನ ರಾಜಧಾನಿ ಮಿನ್ಸ್ಕ್‌ಗೆ ನೇರ ವಿಮಾನ, ಹದಿನೈದು ದಿನಕ್ಕೆ ವಾಪಸು. ಹಮೀದಾಕ ಉಪವಾಸದ ಬಿಸಿಲಿನಲ್ಲೇ ಹೊರಗೆ ಹೋಗಿ ಒಂದು ಚೀಲವನ್ನೂ ತುಂಬಿಸಿ ತಂದಿದ್ದರು. ಖರ್ಜೂರ, ಬಾದಾಮಿ, ಮುದುಕಿಯ ಮೊಣಕಾಲಿಗೆಂದು ನೋವಿನೆಣ್ಣೆಯ ನಾಲ್ಕು ಬಾಟಲಿ. ನಮ್ಮೂರಿಗೆ ಹೋಗುವವರ ಕೈಗೆ ಕೊಡುವುದೆಲ್ಲ ಅದರಲ್ಲಿತ್ತು. ನಾನು ಟಿಕೆಟಿನ ಕಾಗದವನ್ನು ಟೀಚರ ಮೇಜಿನ ಮೇಲಿಟ್ಟೆ.

ಅವರು ಅದನ್ನು ಎತ್ತಿಕೊಂಡು ಓದಿದರು. ಮತ್ತೊಮ್ಮೆ ಓದಿದರು. ನಮ್ಮನ್ನು ಕೂತುಕೊಳ್ಳಲು ಹೇಳಿ, ಪಾಠ ಹೇಳುವ ದನಿಯಲ್ಲೇ ಎಲ್ಲವನ್ನೂ ಹೇಳಿದರು.

ಅವರು ಊರು ಬಿಡುವ ಹಿಂದಿನ ವರ್ಷ ಅಲ್ಲಿ ಚುನಾವಣೆಯಾಗಿತ್ತು. ಫಲಿತಾಂಶ ನಿಜವಲ್ಲವೆಂದು ದೇಶದ ತುಂಬ ಜನ ಬೀದಿಗಿಳಿದಾಗ ಅವರ ಊರಿನವರೂ ಒಂದು ಸಂಜೆ ನದಿಯ ದಂಡೆಯಲ್ಲಿ ಸಾಲಾಗಿ ನಿಂತರು. ಘೋಷಣೆ ಇಲ್ಲ, ಏನಿಲ್ಲ, ಹೂ ಹಿಡಿದು ಸುಮ್ಮನೆ ನಿಂತದ್ದು. ಸಾಲಿನಲ್ಲಿ ಅವರ ವಿದ್ಯಾರ್ಥಿಗಳಿದ್ದರು, ಅವರೂ ಹೋಗಿ ನಿಂತರು. ಯಾರೋ ಫೋಟೊ ತೆಗೆದರು. ಆಮೇಲೆ ಪೊಲೀಸರು ಆ ಫೋಟೊ ನೋಡಿ ಒಬ್ಬೊಬ್ಬರನ್ನೇ ಕರೆಸತೊಡಗಿದರು. ತಾಯಿಯೇ ಮಗಳನ್ನು ಬಲವಂತದಿಂದ ಹೊರಡಿಸಿದ್ದು. ದುಬೈಗೆ ಬಂದ ಮೇಲೆ ಹೊಸ ನಿಯಮ ಬಂತು: ಪಾಸ್‌ಪೋರ್ಟಿನ ಅವಧಿ ಮುಗಿದರೆ ಹೊರದೇಶದಲ್ಲಿ ಹೊಸತು ಕೊಡುವುದಿಲ್ಲ, ಊರಿಗೇ ಬಂದು ಮಾಡಿಸಿಕೊಳ್ಳಬೇಕು. ಅವರ ಪಾಸ್‌ಪೋರ್ಟಿನ ಅವಧಿ ಆ ಜುಲೈಗೆ ಮುಗಿಯುವುದಿತ್ತು.

“ನನ್ನ ಜೊತೆ ಆ ಸಾಲಿನಲ್ಲಿದ್ದವರಲ್ಲಿ ಇಬ್ಬರು ಹೊರದೇಶದಿಂದ ಊರಿಗೆ ಮರಳಿದರು. ಒಬ್ಬ ಮನೆ ಮುಟ್ಟಿದ” ಎಂದರು.

ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

“ನೀವೆಲ್ಲ ವರ್ಷಕ್ಕೊಮ್ಮೆ ಊರಿಗೆ ಹೋಗಿ ಬರುವವರು. ನಿಮ್ಮ ಸಂತೋಷದ ನಡುವೆ ಇದನ್ನು ಹೇಗೆ ಹೇಳಲಿ?”

“ಟೀಚರೇ, ತಪ್ಪಾಯ್ತು, ನಮಗೆ ಗೊತ್ತಿರ್ಲಿಲ್ಲ” ಎಂದರು ಹಮೀದಾಕ. “ಟಿಕೆಟ್ ಈಗ್ಲೇ ಕ್ಯಾನ್ಸಲ್ ಮಾಡುವ. ಖಲಾಸ್. ನೀವು ಇಲ್ಲೇ ಇರಿ, ಪಾಸ್‌ಪೋರ್ಟ್‌ಗೆ ಎಂತಾದ್ರೂ ದಾರಿ ನೋಡುವ.”

ಅವರು ಕಾಗದದ ಮೇಲೆ ಕೈಯಿಟ್ಟುಕೊಂಡರು. “ನಾಳೆಯವರೆಗೆ ಇರಲಿ” ಎಂದರು.

ಮರುದಿನ ಬೆಳಿಗ್ಗೆ ಅವರು ಸೂಟ್‌ಕೇಸಿನೊಡನೆ ನನ್ನ ಕಾರಿನ ಹತ್ತಿರ ನಿಂತಿದ್ದರು. ನಾನು ಬೇಡವೆಂದೆ. ನನ್ನ ಹೆಂಡತಿಯನ್ನು ಕೆಳಗೆ ಕರೆಸಿ ಅವಳಿಂದಲೂ ಹೇಳಿಸಿದೆ. ಅವರು ನಮ್ಮನ್ನು ಬಯ್ಯಲಿಲ್ಲ, ಅತ್ತುಕೊಳ್ಳಲೂ ಇಲ್ಲ. ಹಿಂದಿನ ಸಂಜೆ ತಾಯಿಯೊಡನೆ ಮಾತಾಡಿದ್ದರಂತೆ. ತೊದಲುತ್ತಲೇ ತಾಯಿ ಹೇಳಿದ್ದು ಒಂದೇ ಮಾತು, ಬರಬೇಡ ಎಂದು.

“ನಾಲ್ಕು ವರ್ಷ ನಾನು ಟಿಕೆಟಿನ ವಿಚಾರವನ್ನೇ ತೆಗೆಯಲಿಲ್ಲ. ಒಮ್ಮೆ ಕೈಗೆ ಬಂದರೆ ಹೋಗಿಬಿಡುತ್ತೇನೆ ಎಂದು ನನಗೆ ಗೊತ್ತಿತ್ತು” ಎಂದರು.

ಅದು ದೂರು ಆಗಿರಲಿಲ್ಲ. ಆದರೂ ಆ ಮಾತು ನನ್ನ ಎದೆಗೆ ನಾಟಿತು, ಇವತ್ತಿಗೂ ಕೀಳಲಾಗಿಲ್ಲ. ಅಲ್ಲಿ ಇಳಿದ ಕೂಡಲೇ ಫೋನ್ ತಪಾಸಣೆಯಾಗುತ್ತದೆಂದು ದಾರಿಯಲ್ಲಿ ಅವರು ಫೋನಿನಲ್ಲಿದ್ದ ನಮ್ಮೆಲ್ಲರ ನಂಬರು, ಫೋಟೊ, ಮೆಸೇಜುಗಳನ್ನು ಒಂದೊಂದಾಗಿ ಅಳಿಸುತ್ತ ಬಂದರು. ನನ್ನ ನಂಬರನ್ನು ಮಾತ್ರ ಎರಡು ಸಲ ಬಾಯಲ್ಲಿ ಹೇಳಿ ನೆನಪಿಟ್ಟುಕೊಂಡರು. ಹಮೀದಾಕ ಸೀದಾ ವಿಮಾನ ನಿಲ್ದಾಣಕ್ಕೇ ಬಂದಿದ್ದರು. ನೋವಿನೆಣ್ಣೆಯ ಚೀಲವನ್ನು ಟೀಚರು ಆಫೀಸಿನಲ್ಲಿ ಬಿಟ್ಟುಹೋಗಿದ್ದರೆಂದು ಅದನ್ನು ಹಿಡಿದುಕೊಂಡು ನಿಂತಿದ್ದರು. ಟೀಚರು ಅದನ್ನು ತೆಗೆದುಕೊಂಡು ಒಳಗೆ ಹೋದರು.

ಆರು ದಿನದ ಮೇಲೆ ಯಾವುದೋ ನಂಬರಿನಿಂದ ಫೋನ್ ಬಂತು. ಪಕ್ಕದ ಮನೆಯಾಕೆಯ ಫೋನು. ಟೀಚರು ಮನೆ ಮುಟ್ಟಿದ್ದರು. ವಿಮಾನ ನಿಲ್ದಾಣದಲ್ಲಿ ಎರಡು ಗಂಟೆ ಕೂರಿಸಿ, ಕೇಳಿ, ಬಿಟ್ಟಿದ್ದರು. ನನಗೆ ಹೋದ ಜೀವ ಬಂದಂತಾಯಿತು. ಹಮೀದಾಕನನ್ನು ಕೂಗಿ ಸ್ಪೀಕರ್ ಹಾಕಿದೆ.

“ನನ್ನನ್ನು ನೋಡಿದ್ದೇ ಯಾಕೆ ಬಂದೆ ಎಂದು ಬಯ್ದಳು. ದಿನಾ ಬಯ್ಯುತ್ತಾಳೆ. ಬಯ್ಯುತ್ತಲೇ ಎಡಗೈಯಿಂದ ನನ್ನ ಕೈ ಹಿಡಿದುಕೊಂಡಿದ್ದಾಳೆ. ನಿದ್ದೆಯಲ್ಲೂ ಬಿಡುವುದಿಲ್ಲ” ಎಂದರು. ಅವರ ದನಿಯಲ್ಲಿ ನಗುವಿತ್ತು. ನೀರು ಏರುತ್ತಿದೆ, ಶಾಲೆ ಆಗಲೇ ದ್ವೀಪವಾಗಿದೆ ಎಂದೂ ಹೇಳಿದರು.

ಹದಿನೈದನೆಯ ದಿನ ವಾಪಸಿನ ವಿಮಾನ. ಅವರು ಬರಬಹುದಿತ್ತು, ಆವರೆಗೆ ಅವರನ್ನು ಯಾರೂ ತಡೆದಿರಲಿಲ್ಲ. ಹಮೀದಾಕ ನಾನು ಇಬ್ಬರೂ ನಿಲ್ದಾಣದಲ್ಲಿ ಕಾದೆವು. ಆ ವಿಮಾನದಲ್ಲಿ ಬಂದವರೆಲ್ಲ ಹೊರಗೆ ಬಂದ ಮೇಲೂ ಒಂದು ಗಂಟೆ ಕಾದೆವು. ಆಮೇಲೆ ಬಂದ ಫೋನಿನಲ್ಲಿ ಅವರು ಹೇಳಿದರು: ತಾಯಿ ಇನ್ನೂ ಇದ್ದಾರೆ, ಕೈ ಬಿಡಿಸಿಕೊಂಡು ಬರಲು ಆಗಲಿಲ್ಲ.

ಏಪ್ರಿಲ್ ಕೊನೆಯಲ್ಲಿ ತಾಯಿ ತೀರಿಕೊಂಡರು, ಟೀಚರೇ ಫೋನ್ ಮಾಡಿ ಹೇಳಿದರು. ನೀರು ಇಳಿದಿರಲಿಲ್ಲ, ಶವಪೆಟ್ಟಿಗೆಯನ್ನು ದೋಣಿಯಲ್ಲೇ ಸ್ಮಶಾನದ ದಿಬ್ಬಕ್ಕೆ ಒಯ್ದರಂತೆ. ಟೀಚರು ದೋಣಿಯಲ್ಲಿ ಪಕ್ಕದಲ್ಲಿ ಕೂತಿದ್ದರಂತೆ. ಅಷ್ಟಾದರೂ ಅವರಿಗೆ ದಕ್ಕಿತಲ್ಲ ಎಂದು ನಾನು ಅತ್ತೆ. ನನ್ನ ಅಪ್ಪನ ಪಕ್ಕದಲ್ಲಿ ನಾನು ಕೂತಿರಲಿಲ್ಲ. ಒಂದು ವಾರದ ಮೇಲೆ ಮತ್ತೊಮ್ಮೆ ಫೋನ್ ಬಂತು. ನಾಳೆ ಮಾತಾಡಲು ಕರೆದಿದ್ದಾರೆ, ಹೋಗಿ ಬರುತ್ತೇನೆ, ನೀವು ಈ ನಂಬರಿಗೆ ಫೋನ್ ಮಾಡಬೇಡಿ ಎಂದರು. ಮಗಳ ಪರೀಕ್ಷೆಯ ಬಗ್ಗೆ ಕೇಳಿದರು. ಅದೇ ಕೊನೆ. ಫೋನ್ ಮಾಡಬೇಡಿ ಎಂದದ್ದನ್ನು ನಾನು ಎರಡು ತಿಂಗಳು ಪಾಲಿಸಿದೆ, ಮೂರನೆಯ ತಿಂಗಳು ಆಗಲಿಲ್ಲ, ಮಾಡಿದೆ. ಆ ನಂಬರು ಈಗ ಚಾಲ್ತಿಯಲ್ಲಿಲ್ಲ.

ಜುಲೈ ಕಳೆಯಿತು. ನಮ್ಮ ಆಫೀಸಿನಲ್ಲಿ ಅವರ ಕಡತ ಬಾಕಿ ಉಳಿದಿತ್ತು. ರಜೆಗೆ ಹೋದ ನೌಕರ ಬಾರದಿದ್ದರೆ ಕಂಪನಿ ಅವನನ್ನು ‘ಅಬ್ಸ್‌ಕಾಂಡಿಂಗ್’, ಎಂದರೆ ಹೇಳದೆ ಕೇಳದೆ ಓಡಿಹೋದವನು, ಎಂದು ಬರೆದು ಕಳಿಸುವುದು ಇಲ್ಲಿನ ವಾಡಿಕೆ. ಹಾಗೆ ಬರೆದರೆ ಆ ಮನುಷ್ಯ ಈ ದೇಶಕ್ಕೆ ಮತ್ತೆ ಕಾಲಿಡುವುದು ಕಷ್ಟ. ಹಮೀದಾಕ ಮೂವತ್ತು ವರ್ಷದಲ್ಲಿ ಅಂಥ ಕಾಗದ ಎಷ್ಟು ಬರೆದಿದ್ದಾರೋ ಅವರಿಗೇ ನೆನಪಿಲ್ಲ. ಮ್ಯಾನೇಜರು ನಮ್ಮಿಬ್ಬರನ್ನೂ ಕರೆಸಿ, ಇದನ್ನು ಇವತ್ತು ಮುಗಿಸಿ ಎಂದರು. ಅವರು ಕೆಟ್ಟವರಲ್ಲ, ಅವರಿಗೂ ಮೇಲಿನಿಂದ ಒತ್ತಡವಿತ್ತು.

ಹಮೀದಾಕ ಫಾರಂ ಮುಂದಿಟ್ಟುಕೊಂಡು ಕೂತರು. ಪೆನ್ನು ತೆಗೆದರು, ಮುಚ್ಚಿದರು. ಆಮೇಲೆ ಮ್ಯಾನೇಜರಿಗೆ ಅರ್ಥವಾಗದಿದ್ದರೂ ಚಿಂತೆಯಿಲ್ಲವೆಂಬಂತೆ ನಮ್ಮ ಭಾಷೆಯಲ್ಲೇ ಹೇಳಿದರು.

“ಇದಕ್ಕೆ ನನ್ನ ಕೈ ಬರುದಿಲ್ಲ ರಘು. ತಾಯಿ ಹತ್ರ ಹೋದವ್ರು ಓಡಿಹೋದವ್ರು ಹೇಗಾಗ್ತಾರೆ? ಟಿಕೆಟ್ ತೆಗ್ದುಕೊಟ್ಟದ್ದು ನಾವು. ಏರ್‌ಪೋರ್ಟಿಗೆ ಬಿಟ್ಟದ್ದು ನಾವು. ಬರೀಲೇಬೇಕಾದ್ರೆ ನಮ್ಮಿಬ್ಬರ ಹೆಸ್ರು ಬರೀಲಿಕ್ಕೆ ಹೇಳು ಇವ್ರಿಗೆ.”

ನಾನು ಅಕ್ಷರ ಬಿಡದೆ ಅನುವಾದ ಮಾಡಿದೆ. ಮ್ಯಾನೇಜರು ಫಾರಮನ್ನು ವಾಪಸು ತೆಗೆದುಕೊಂಡರು. ಆರು ತಿಂಗಳು ದೇಶದ ಹೊರಗಿದ್ದರೆ ವೀಸಾ ತಾನಾಗಿ ರದ್ದಾಗುತ್ತದೆ, ಹಾಗೇ ಆಗಲಿ ಎಂದರು. ಸೆಪ್ಟೆಂಬರಿನಲ್ಲಿ ಹಾಗೇ ಆಯಿತು.

ಆ ಫಾರಂ ಇನ್ನೂ ಕಡತದಲ್ಲಿದೆ. ನೌಕರ ಮರಳದಿರಲು ಕಾರಣ ಏನು ಎಂಬ ಕಾಲಂ ಅದರಲ್ಲಿ ಖಾಲಿ ಇದೆ. ಅಲ್ಲಿ ಬರೆಯಬೇಕಾಗಿದ್ದದ್ದನ್ನು ನಾನು ಇಲ್ಲಿ ಬರೆದಿದ್ದೇನೆ: ಅವರು ತಾಯಿಯನ್ನು ನೋಡಲು ಹೋಗಿದ್ದಾರೆ. ಕಳಿಸಿದವರು ನಾವು.